ಹಳೆಯ ಬೋಟ್ ಮೋಟಾರಿನಲ್ಲಿ ಕಿಡಿ ಬರದಿದ್ದರೆ: ಫ್ಲೈವೀಲ್ ಕೆಳಗೆ ನೋಡಬೇಕಾದದ್ದು

ಕರಾವಳಿಯಲ್ಲಿ ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಮೋಟಾರಿಗೆ ಉಪ್ಪುನೀರು ಶತ್ರು. ಕೋಲಾರದ ಕಡೆ ನೀರಿಲ್ಲದ ವರ್ಷಗಳೇ ಶತ್ರು. ಕೆರೆ ಒಣಗಿದಾಗ ಶೆಡ್ಡು ಸೇರಿದ ಮೋಟಾರನ್ನು, 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬಂದು ಕೆರೆಗಳು ತುಂಬತೊಡಗಿದವೆಂದು ಹೊರಗೆ ತೆಗೆದರೆ, ಹಗ್ಗ ಎಷ್ಟು ಎಳೆದರೂ ಸದ್ದೇ ಇರುವುದಿಲ್ಲ. ಕೂಡಲೇ ಕಿಡಿ ಹುಟ್ಟಿಸುವ ಕಾಯಿಲ್ ಹುಡುಕಿಕೊಂಡು ಬೆಂಗಳೂರಿಗೆ ಹೊರಡಬೇಡಿ. ಸುಮ್ಮನೆ ನಿಂತು ಕೆಟ್ಟ ಮೋಟಾರಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಸಿ.ಬಿ. (ಕಾಂಟ್ಯಾಕ್ಟ್ ಬ್ರೇಕರ್) ಪಾಯಿಂಟುಗಳನ್ನು, ಅಂದರೆ ಕಾಯಿಲಿನ ಕರೆಂಟನ್ನು ಕಡಿಯುವ ಪುಟ್ಟ ಸ್ವಿಚ್ಚನ್ನು.

ಇಲ್ಲಿ ಕೊಟ್ಟಿರುವ ಅಳತೆಗಳು 1950–60ರ ದಶಕಗಳ ಜಾನ್ಸನ್, ಎವಿನ್‌ರೂಡ್ ಕಂಪನಿಗಳ ಎರಡು ಸಿಲಿಂಡರಿನ ಸಣ್ಣ ಮೋಟಾರುಗಳವು. ಸೀಮೆಎಣ್ಣೆ ಪಂಪ್‌ಸೆಟ್ಟಿನ ಮ್ಯಾಗ್ನೆಟ್ ಬಿಚ್ಚಿ ರೂಢಿಯಿದ್ದವರಿಗೆ ಇದು ಹೊಸದೇನಲ್ಲ. ಬ್ಯಾಟರಿ ಇಲ್ಲ. ಫ್ಲೈವೀಲಿನೊಳಗಿನ (ಇಂಜಿನ್ ಮೇಲೆ ತಿರುಗುವ ಭಾರದ ಚಕ್ರದೊಳಗಿನ) ಅಯಸ್ಕಾಂತ ಕಾಯಿಲ್ ಪಕ್ಕ ಹಾದುಹೋಗುವಾಗ, ಪಾಯಿಂಟ್ ಮುಚ್ಚಿದ್ದರೆ ಪ್ರೈಮರಿ ಸುತ್ತಿನಲ್ಲಿ ಕರೆಂಟ್ ಹರಿಯುತ್ತದೆ. ಶಾಫ್ಟಿನ ಜೊತೆ ತಿರುಗುವ ಉಬ್ಬು, ಅಂದರೆ ಕ್ಯಾಮ್, ಪಾಯಿಂಟನ್ನು ತೆರೆದ ಕ್ಷಣವೇ ಆ ಕರೆಂಟ್ ಕಡಿದುಹೋಗಿ, ಸೆಕೆಂಡರಿ ಸುತ್ತಿನಲ್ಲಿ ಸಾವಿರಾರು ವೋಲ್ಟ್ ಏಳುತ್ತದೆ. ಕಡಿತ ಎಷ್ಟು ಚುರುಕೋ ಕಿಡಿ ಅಷ್ಟು ಗಟ್ಟಿ. ಪಾಯಿಂಟಿನ ನಡುವೆ ಕಿಡಿ ಸಿಡಿದು ಕಡಿತ ನಿಧಾನವಾಗದಂತೆ ತಡೆಯುವುದು ಕಂಡೆನ್ಸರ್. ಸಿಲಿಂಡರಿಗೊಂದರಂತೆ ಕಾಯಿಲ್, ಪಾಯಿಂಟ್, ಕಂಡೆನ್ಸರ್ ಎಲ್ಲವೂ ಎರಡೆರಡು ಇರುತ್ತವೆ. ಒಂದೇ ಸಿಲಿಂಡರಿನಲ್ಲಿ ಕಿಡಿ ಇಲ್ಲದಿದ್ದರೆ ಕೆಲಸ ಸುಲಭ: ಸರಿಯಿರುವ ಬದಿಯ ಭಾಗಗಳನ್ನು ಒಂದೊಂದಾಗಿ ಈ ಕಡೆಗೆ ಬದಲಿಸಿ ನೋಡಬಹುದು.

ಬಿಚ್ಚುವ ಮೊದಲು ಎರಡೂ ಪ್ಲಗ್ ತೆಗೆದು, ಪೆಟ್ರೋಲ್ ದೂರ ಇಟ್ಟು, ಪ್ಲಗ್ ವೈರಿನ ತುದಿಯನ್ನು ಇಂಜಿನ್ ಲೋಹದಿಂದ 6 ಮಿ.ಮೀ. ದೂರದಲ್ಲಿ ಕಟ್ಟಿ ಹಗ್ಗ ಜೋರಾಗಿ ಎಳೆಯಿರಿ. ನೀಲಿ ಕಿಡಿ ಚಟಪಟ ಹಾರಿದರೆ ಇಗ್ನಿಷನ್ ಸರಿಯಿದೆ, ಕಾರ್ಬ್ಯುರೇಟರ್ ನೋಡಿ. ವೈರನ್ನು ಗಾಳಿಯಲ್ಲಿ ಬಿಟ್ಟು ಎಳೆದರೆ ಮಾತ್ರ ವೋಲ್ಟೇಜ್ ಹೋಗಲು ದಾರಿಯಿಲ್ಲದೆ ಕಾಯಿಲಿನ ಇನ್ಸುಲೇಷನ್ನೇ ಸೀಳಬಹುದು.

ಫ್ಲೈವೀಲ್ ತೆಗೆಯಲು ಅದರ ಮೇಲಿನ ಮೂರು ತೂತಿಗೆ ಬೋಲ್ಟ್ ಹಾಕುವ ಪುಲ್ಲರ್ ಬೇಕು. ಅಂಚಿಗೆ ಕೊಕ್ಕೆ ಹಾಕುವ ಪುಲ್ಲರ್ ಚಕ್ರವನ್ನೇ ಸೊಟ್ಟ ಮಾಡುತ್ತದೆ.

ಪಾಯಿಂಟಿನ ಮುಖ ಕಣ್ಣಿಗೆ ಚೊಕ್ಕಟವಾಗಿ ಕಂಡರೂ ನಂಬಬೇಡಿ. ವರ್ಷಗಟ್ಟಲೆ ನಿಂತಾಗ ಅದರ ಮೇಲೆ ತೆಳುವಾದ ಆಕ್ಸೈಡ್ ಪೊರೆ ಕಟ್ಟುತ್ತದೆ. ಹಗ್ಗದ ಎಳೆತಕ್ಕೆ ಪ್ರೈಮರಿ ಸುತ್ತಿನಲ್ಲಿ ಹುಟ್ಟುವ ಸಣ್ಣ ವೋಲ್ಟೇಜಿಗೆ ಅದನ್ನು ದಾಟುವ ಶಕ್ತಿಯಿಲ್ಲ. ಹೊಸ ಪಾಯಿಂಟಿಗೂ ಎಣ್ಣೆಯ ಲೇಪ ಇರಬಹುದು. 400 ನಂಬರಿನ ಎಮರಿ ಕಾಗದವನ್ನು ಎರಡು ಮುಖಗಳ ನಡುವೆ ಇಟ್ಟು ನಾಲ್ಕಾರು ಸಲ ಎಳೆದ ಮೇಲೆ, ಸ್ಪಿರಿಟ್ಟಿನಲ್ಲಿ ಅದ್ದಿದ ನುಣುಪಿಲ್ಲದ ದಪ್ಪ ಕಾಗದದಿಂದ ಒರೆಸಿ. ಕಾಗದ ಕಪ್ಪಾಗದೆ ಹೊರಬರುವವರೆಗೂ ಬಿಡಬೇಡಿ, ಪುಡಿ ಒಂದಿಷ್ಟು ಉಳಿದರೂ ಶ್ರಮ ವ್ಯರ್ಥ. ಆಮೇಲೆ ಮಲ್ಟಿಮೀಟರ್ ಹಿಡಿದು ಪರೀಕ್ಷಿಸಿ: ಮುಚ್ಚಿದಾಗ ಸೊನ್ನೆಯ ಹತ್ತಿರ, ತೆರೆದಾಗ ಅನಂತ. ಕಾಯಿಲ್ ಮತ್ತು ಕಂಡೆನ್ಸರ್ ವೈರುಗಳನ್ನು ಪಾಯಿಂಟಿನಿಂದ ಬಿಚ್ಚಿಯೇ ಅಳೆಯಬೇಕು. ಇಲ್ಲದಿದ್ದರೆ ಪ್ರೈಮರಿ ಸುತ್ತಿನ ಮೂಲಕವೇ ಮೀಟರ್ ಓದಿ, ಪಾಯಿಂಟ್ ತೆರೆದಿದ್ದರೂ ಮುಚ್ಚಿದಂತೆ ತೋರಿಸುತ್ತದೆ. ಬಹಳ ಜನ ಎಡವುವುದು ಇಲ್ಲೇ.

ಪಾಯಿಂಟ್ ಗ್ಯಾಪ್ 0.020 ಇಂಚು, ಅಂದರೆ ಸುಮಾರು 0.5 ಮಿ.ಮೀ. ಕ್ಯಾಮಿನ ಅತಿ ಎತ್ತರದ ಜಾಗ ಪಾಯಿಂಟಿನ ಹಿಮ್ಮಡಿಗೆ ತಾಗಿದಾಗಲೇ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು ನೋಡಿ. ಕ್ಯಾಮ್ ಕಳಚಿದ್ದರೆ 'ಟಾಪ್' ಎಂದು ಕೊರೆದ ಮುಖ ಮೇಲಕ್ಕೇ ಬರಬೇಕು.

ಪಾಯಿಂಟ್ ಸುಟ್ಟು ಗುಳಿಬಿದ್ದಿದ್ದರೆ ಕಂಡೆನ್ಸರ್ ಮೇಲೆ ಕಣ್ಣಿಡಿ. ಅದು 0.2 ಮೈಕ್ರೋಫ್ಯಾರಡ್ ಆಸುಪಾಸು ತೋರಿಸಬೇಕು. ಈ ಕಾಲದ ಕಾಯಿಲುಗಳ ಹೊರಕವಚ ಬಿರುಕು ಬಿಡುವುದು ಎಲ್ಲರಿಗೂ ಗೊತ್ತಿರುವ ದೋಷ. ಬಿರುಕು ಕಂಡರೆ ಮೀಟರ್ ಏನೇ ಹೇಳಲಿ, ಬದಲಿಸುವುದೇ ಸರಿ. ಹೊಸದನ್ನು ಕೂರಿಸುವಾಗ ಅದರ ಕಬ್ಬಿಣದ ಪಟ್ಟಿಗಳ ತುದಿ ಪ್ಲೇಟಿನ ನುಣುಪು ಗುಬುಟುಗಳ ಅಂಚಿಗೆ ಸಮನಾಗಿರಲಿ. ಹೊರಚಾಚಿದರೆ ಅಯಸ್ಕಾಂತಕ್ಕೆ ಉಜ್ಜುತ್ತದೆ, ಒಳಸರಿದರೆ ಕಿಡಿ ಸೊರಗುತ್ತದೆ. ಪ್ಲಗ್ ವೈರಿಗೆ ತಾಮ್ರದ ಎಳೆಯದ್ದನ್ನೇ ಕೇಳಿ ಕೊಳ್ಳಿ. ಕಾಯಿಲಿನೊಳಗಿನ ಮುಳ್ಳು ವೈರಿನ ನಡುವೆ ಚುಚ್ಚಿ ಕೂರಬೇಕು. ಕಾರಿಗೆ ಮಾರುವ ಕಾರ್ಬನ್ ವೈರಿನಲ್ಲಿ ಅದು ನಿಲ್ಲುವುದಿಲ್ಲ.

ಫ್ಲೈವೀಲ್ ಮತ್ತೆ ಹಾಕುವಾಗ ಶಾಫ್ಟಿನ ಇಳಿಜಾರು ಭಾಗ ಒಣಗಿರಲಿ, ಎಣ್ಣೆ ಹಚ್ಚಬೇಡಿ. 5.5 ಎಚ್.ಪಿ. ಮೋಟಾರಿಗೆ ನಟ್ ಬಿಗಿತ 40–45 ಅಡಿ-ಪೌಂಡ್. ಸಡಿಲ ಬಿಟ್ಟರೆ ಫ್ಲೈವೀಲನ್ನು ಶಾಫ್ಟಿಗೆ ಹಿಡಿದಿಡುವ ಕೀ ತುಂಡಾಗಿ ಟೈಮಿಂಗ್ ತಪ್ಪುತ್ತದೆ: ಕಿಡಿ ಕಾಣುತ್ತದೆ, ಇಂಜಿನ್ ಮಾತ್ರ ಹಿಂದಕ್ಕೆ ಒದೆಯುತ್ತದೆ. ಪ್ಲಗ್ ಗ್ಯಾಪ್ 0.030 ಇಂಚು.

ಮೊದಲ ಸ್ಟಾರ್ಟಿಗೆ ಕೆರೆವರೆಗೂ ಹೋಗಬೇಕಿಲ್ಲ, 200 ಲೀಟರ್ ಡ್ರಮ್ ಸಾಕು. ನೀರು ಪಂಪಿನ ಮಟ್ಟಕ್ಕಿಂತ ಮೇಲಿರಲಿ. ನೀರಿಲ್ಲದೆ ಓಡಿಸಿದರೆ ಪಂಪಿನೊಳಗಿನ ರಬ್ಬರ್ ಇಂಪೆಲ್ಲರ್ ಸುಡುತ್ತದೆ. ವರ್ಷಗಟ್ಟಲೆ ನಿಂತ ಮೋಟಾರಾದರೆ ಆ ಇಂಪೆಲ್ಲರನ್ನು ಸ್ಟಾರ್ಟ್ ಮಾಡುವ ಮುನ್ನವೇ ಬದಲಿಸಿ.