ಪ್ಯಾನೆಲ್ ತಾರಸಿಯಲ್ಲಿ, ಲೆಕ್ಕ ಫೋನಿನಲ್ಲಿ: ಸೋಲಾರ್ ಆ್ಯಪ್ ಓದುವುದು ಹೇಗೆ?

ಮಂಗಳೂರು, ಉಡುಪಿ ಕಡೆ ತಾರಸಿ ಮೇಲೆ ಸೋಲಾರ್ ಹಾಕಿಸಿದವರನ್ನು ‘ಇವತ್ತು ಎಷ್ಟು ಯೂನಿಟ್ ಬಂತು?’ ಎಂದು ಕೇಳಿ ನೋಡಿ. ‘ಬಿಲ್ ಬರಲಿ, ಆಗ ಗೊತ್ತಾಗ್ತದೆ’ ಎನ್ನುವವರೇ ಜಾಸ್ತಿ. ಬಿಲ್ ಬರುವಷ್ಟರಲ್ಲಿ ತಿಂಗಳು ಕಳೆದಿರುತ್ತದೆ. ಬಾವಿಯ ಪಂಪು ಕೆಟ್ಟರೆ ನೀರು ನಿಲ್ಲುತ್ತದೆ, ತಕ್ಷಣ ಗೊತ್ತಾಗುತ್ತದೆ. ಪ್ಯಾನೆಲ್ ಹಾಗಲ್ಲ. ಅರ್ಧ ಕರೆಂಟು ಕೊಡುತ್ತಾ ಸುಮ್ನೆ ಬಿದ್ದಿರುತ್ತದೆ.

ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆ 2024ರ ಫೆಬ್ರುವರಿಯಲ್ಲಿ ಶುರುವಾಯಿತು. 3 ಕಿಲೋವ್ಯಾಟ್ ಹಾಕಿಸಿದರೆ 78,000 ರೂಪಾಯಿ ಸಬ್ಸಿಡಿ. (ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುವ ಮನೆಯವರು ಹಾಕಿಸುವ ಮೊದಲು ಇನ್ನೊಮ್ಮೆ ಲೆಕ್ಕ ಹಾಕುವುದು ಒಳ್ಳೆಯದು.) ಈಗಾಗಲೇ ಹಾಕಿಸಿದ್ದೀರಾದರೆ ಮುಂದೆ ಓದಿ.

ಮೊದಲು ಖಾತೆ ನಿಮ್ಮದಾಗಲಿ

ಪ್ಯಾನೆಲ್ ಕೊಡುವ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿಯಾಗಿ ಬದಲಿಸುವ ಪೆಟ್ಟಿಗೆಯೇ ಇನ್ವರ್ಟರ್. ಅದರ ಕೆಳಗೆ ಒಂದು ಸಣ್ಣ ವೈಫೈ ಸ್ಟಿಕ್ ಇರುತ್ತದೆ. ಇದೇ ಡೇಟಾ ಲಾಗರ್. ಕೆಲವು ನಿಮಿಷಕ್ಕೊಮ್ಮೆ ಇದು ಉತ್ಪಾದನೆಯ ಲೆಕ್ಕವನ್ನು ಇನ್ವರ್ಟರ್ ಕಂಪನಿಯ ಸರ್ವರಿಗೆ ಕಳಿಸುತ್ತದೆ, ಅಲ್ಲಿಂದ ಅದು ನಿಮ್ಮ ಫೋನಿನಲ್ಲಿರುವ ಆ ಕಂಪನಿಯ ಆ್ಯಪಿಗೆ ಬರುತ್ತದೆ. ಎಷ್ಟೋ ಕಡೆ ಹಾಕಿಕೊಟ್ಟವರು ತಮ್ಮದೇ ಇಮೇಲಿನಲ್ಲಿ ಖಾತೆ ತೆರೆದು ಹೋಗಿರುತ್ತಾರೆ. ಅದನ್ನು ನಿಮ್ಮ ಇಮೇಲಿಗೆ ವರ್ಗಾಯಿಸಿಕೊಳ್ಳಿ, ಪಾಸ್‌ವರ್ಡ್ ಬದಲಿಸಿ. ಹೆಚ್ಚಿನ ಸ್ಟಿಕ್‌ಗಳು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ಹೊಸ ರೂಟರ್ ತಂದ ದಿನದಿಂದ ಗ್ರಾಫ್ ಖಾಲಿಯಾಗಿದ್ದರೆ ಕಾರಣ ಇದೇ ಇರಬಹುದು.

ಎಷ್ಟು ಬರಬೇಕು?

ಅಂದಾಜಿಗೆ, ಒಳ್ಳೆಯ ಬಿಸಿಲಿದ್ದರೆ ಕಿಲೋವ್ಯಾಟಿಗೆ ದಿನಕ್ಕೆ 4 ಯೂನಿಟ್. ಆದರೆ ಕರಾವಳಿಯಲ್ಲಿ ಈ ಒಂದೇ ಅಂಕಿ ನಂಬಿ ಕೂರುವ ಹಾಗಿಲ್ಲ. ಫೆಬ್ರುವರಿಯ ಬಿಸಿಲೆಲ್ಲಿ, ಜುಲೈ ಮೋಡವೆಲ್ಲಿ! ತಿಂಗಳವಾರು ಲೆಕ್ಕ ಬೇಕು. ಯುರೋಪಿಯನ್ ಕಮಿಷನ್ನಿನ ‘ಪಿವಿಜಿಐಎಸ್’ (PVGIS) ಎಂಬ ಉಚಿತ ವೆಬ್‌ಸೈಟ್ ಇದನ್ನು ಉಪಗ್ರಹದ ಮಾಹಿತಿಯಿಂದ ಹೇಳಿಕೊಡುತ್ತದೆ. ಮ್ಯಾಪಿನಲ್ಲಿ ನಿಮ್ಮ ಮನೆ ಒತ್ತಿ. ಪ್ಯಾನೆಲ್‌ಗಳ ಒಟ್ಟು ಕಿಲೋವ್ಯಾಟ್ ಹಾಕಿ. ನಷ್ಟದ ಜಾಗದಲ್ಲಿ ಶೇ 14 ಎಂದು ಮೊದಲೇ ಇರುತ್ತದೆ, ಹಾಗೇ ಬಿಡಿ. ಪ್ಯಾನೆಲಿನ ವಾಲು 35 ಡಿಗ್ರಿ ಎಂದಿದ್ದರೆ ಬದಲಿಸಬೇಕು. ಅದು ನಮ್ಮೂರಿನದ್ದಲ್ಲ, ಇಲ್ಲಿ 10ರಿಂದ 15 ಸಾಕು. ದಿಕ್ಕು ತೆಂಕಣಕ್ಕಾದರೆ ಸೊನ್ನೆ. ಬಂದ ಹನ್ನೆರಡು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಮೀಟರ್ ಬೋರ್ಡಿಗೆ ಅಂಟಿಸಿ.

ಗ್ರಾಫ್ ಏನು ಹೇಳುತ್ತದೆ?

ಇಡೀ ಕೆಲಸದಲ್ಲಿ ಹೆಚ್ಚು ಗಮನ ಬೇಕಾದದ್ದು ಇಲ್ಲಿ. ಮೋಡವಿಲ್ಲದ ದಿನ ಗೆರೆ ಬೆಳಿಗ್ಗೆ ಮೆಲ್ಲಗೆ ಏರಿ, ಮಧ್ಯಾಹ್ನ ತುದಿ ಮುಟ್ಟಿ, ಸಂಜೆಗೆ ಇಳಿಯುತ್ತದೆ. ಗರಗಸದ ಹಲ್ಲಿನ ಹಾಗೆ ಮೇಲೆ ಕೆಳಗೆ ಹಾರಿದರೆ ಮೋಡ, ಚಿಂತೆ ಬೇಡ. ದಿನವೂ ಅದೇ ಹೊತ್ತಿಗೆ ಗೆರೆ ಕುಸಿದರೆ ನೆರಳು. ನಮ್ಮಲ್ಲಿ ಹೆಚ್ಚಾಗಿ ಅದು ತೆಂಗಿನ ಮಡಲು. ಒಂದು ಪ್ಯಾನೆಲ್ ಮೇಲೆ ನೆರಳು ಬಿದ್ದರೂ ಆ ಸಾಲಿನ ಉತ್ಪಾದನೆಗೇ ಪೆಟ್ಟು.

ನೆರಳು ವರ್ಷವಿಡೀ ಒಂದೇ ಥರ ಇರುವುದಿಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡು ಮಧ್ಯಾಹ್ನದ ಸೂರ್ಯ ನಮಗೆ ಬಡಗಣಕ್ಕಿರುತ್ತಾನೆ. ಉಳಿದ ತಿಂಗಳು ತೆಂಕಣಕ್ಕೆ. ಮೇ ತಿಂಗಳಲ್ಲಿ ಜಾಗ ನೋಡಿ ‘ನೆರಳೇ ಇಲ್ಲ’ ಎಂದು ಹಾಕಿಸಿದ ಪ್ಯಾನೆಲ್ ಮೇಲೆ ಡಿಸೆಂಬರಿನಲ್ಲಿ ತೆಂಕು ಬದಿಯ ಮರ ಬಂದು ಕೂರುವುದು ಹೀಗೆ. ಆದ್ದರಿಂದ ಕೊಡಲಿ ಎತ್ತುವ ಮೊದಲು ಡಿಸೆಂಬರ್, ಏಪ್ರಿಲ್ ಎರಡೂ ಗ್ರಾಫ್ ಪಕ್ಕಪಕ್ಕ ಇಟ್ಟು ನೋಡಿ. ಎರಡು ಮಡಲು ಇಳಿಸಿದರೆ ಸಾಕಾಗುವ ಕಡೆ ಮರವನ್ನೇ ಕಡಿಯುವುದು ಯಾಕೆ, ಅಲ್ವಾ?

ವಾರದಿಂದ ವಾರಕ್ಕೆ ತುದಿ ತಗ್ಗುತ್ತಾ ಬಂದರೆ ಧೂಳು, ಹಕ್ಕಿ ಹಿಕ್ಕೆ. ಮಳೆಗಾಲದ ನಂತರವಾದರೆ ಚೌಕಟ್ಟಿನ ಅಂಚಿನ ಪಾಚಿ. ಬಿಸಿಲು ಆರಿದ ಮೇಲೆ ನೀರು, ಮೆತ್ತನೆಯ ಬಟ್ಟೆ ಸಾಕು. ಮಲ್ಪೆ, ಸುರತ್ಕಲ್‌ನಂತೆ ಸಮುದ್ರದ ಬದಿಯಲ್ಲಿದ್ದರೆ ಉಪ್ಪುಗಾಳಿಗೆ ಕನೆಕ್ಟರ್, ಬೋಲ್ಟ್ ತುಕ್ಕು ಹಿಡಿದಿವೆಯೇ ಎಂದೂ ಪರೀಕ್ಷೆ ಮಾಡಿಸಿ.

ಸುಡುಬಿಸಿಲಿನಲ್ಲಿ ಗೆರೆ ಒಮ್ಮೆಲೇ ಸೊನ್ನೆಗೆ ಬಿದ್ದರೆ? ಕರೆಂಟು ಹೋಗಿರಬಹುದು. ಬ್ಯಾಟರಿಯಿಲ್ಲದ ಆನ್‌ಗ್ರಿಡ್ (ಹೊರಗಿನ ಕರೆಂಟು ಲೈನಿಗೆ, ಅಂದರೆ ಗ್ರಿಡ್ಡಿಗೆ ಜೋಡಿಸಿದ) ಇನ್ವರ್ಟರ್ ಆಗ ತಾನೇ ನಿಲ್ಲುತ್ತದೆ. ಕಂಬದ ಮೇಲಿರುವ ಲೈನ್‌ಮ್ಯಾನ್‌ಗೆ ನಿಮ್ಮ ಮನೆಯ ಕರೆಂಟು ಹೊಡೆಯಬಾರದಲ್ಲ! ಕರೆಂಟು ಇದ್ದೂ ನಿಂತಿದ್ದರೆ ಆ್ಯಪಿನಲ್ಲಿ ಗ್ರಿಡ್ ವೋಲ್ಟೇಜ್ ನೋಡಿ. ಅದು ಮಿತಿ ಮೀರಿದರೂ ಇನ್ವರ್ಟರ್ ಕೈಬಿಡುತ್ತದೆ. ದಿನಾಂಕ, ಹೊತ್ತು ಕಾಣುವ ಸ್ಕ್ರೀನ್‌ಶಾಟ್ ತೆಗೆದಿಟ್ಟು 1912ಕ್ಕೆ ದೂರು ಕೊಡಿ. ಬರೀ ಬಾಯಿಮಾತಿನ ದೂರಿಗಿಂತ ಇದಕ್ಕೆ ತೂಕ ಜಾಸ್ತಿ.

ಮೀಟರ್ ಜೊತೆ ತಾಳೆ

ಆ್ಯಪ್ ತೋರಿಸುವುದು ಉತ್ಪಾದನೆ. ಮೆಸ್ಕಾಂ ನೆಟ್ ಮೀಟರ್ ತೋರಿಸುವುದು ಹೊರಗೆ ಹೋದದ್ದು, ಒಳಗೆ ಬಂದದ್ದು. ಎರಡೂ ಬೇರೆ. ಉದಾಹರಣೆಗೆ ತಿಂಗಳಿಗೆ ಉತ್ಪಾದನೆ 340, ಹೊರಗೆ ಹೋದದ್ದು 210, ಒಳಗೆ ಬಂದದ್ದು 180 ಯೂನಿಟ್ ಎಂದಿಟ್ಟುಕೊಳ್ಳಿ. ಮನೆಯಲ್ಲೇ ಬಳಸಿದ ಸೋಲಾರ್ 130. ಮನೆಯ ಒಟ್ಟು ಖರ್ಚು 310. ರೀಡಿಂಗ್ ತೆಗೆದ ದಿನವೇ ಆ್ಯಪಿನ ಲೆಕ್ಕವನ್ನೂ ಬರೆದಿಡಿ, ಇಲ್ಲದಿದ್ದರೆ ಎಂದೂ ತಾಳೆಯಾಗುವುದಿಲ್ಲ.

ಮಧ್ಯಾಹ್ನಕ್ಕೆ ಟೈಮರ್

ರಾಜ್ಯದಲ್ಲಿ ಕರೆಂಟಿನ ಬೇಡಿಕೆ, ಪೂರೈಕೆ ಸರಿದೂಗಿಸುವ ಲೋಡ್ ಡಿಸ್ಪ್ಯಾಚ್ ಕೇಂದ್ರವೂ ಇಂಥದೇ ಗ್ರಾಫ್ ನೋಡುತ್ತಿರುತ್ತದೆ, ಇನ್ನೂ ದೊಡ್ಡದು. ದಿನವನ್ನು 15 ನಿಮಿಷದ 96 ತುಂಡು ಮಾಡಿ, 2,050 ಮೆಗಾವ್ಯಾಟಿನ ಪಾವಗಡದಂಥ ಸೋಲಾರ್ ಪಾರ್ಕ್‌ಗಳಿಂದ ಯಾವಾಗ ಎಷ್ಟು ಬರಬಹುದು ಎಂದು ಹವಾಮಾನ ನೋಡಿ ಮೊದಲೇ ಅಂದಾಜು ಮಾಡುತ್ತಾರೆ. ಈ ಅಂದಾಜು ತಪ್ಪಿದಷ್ಟೂ ಕಲ್ಲಿದ್ದಲು, ಜಲವಿದ್ಯುತ್ ಸ್ಥಾವರಗಳು ಗಡಿಬಿಡಿಯಲ್ಲಿ ಏರಿಳಿಯಬೇಕು. ರಾಜ್ಯದ ಆ ಹೊತ್ತಿನ ಉತ್ಪಾದನೆ ಈ ಲೋಡ್ ಡಿಸ್ಪ್ಯಾಚ್ ಕೇಂದ್ರದ ವೆಬ್‌ಸೈಟಿನಲ್ಲಿ ಯಾರಿಗೂ ಕಾಣುತ್ತದೆ. ಸಂಜೆ ಏಳಕ್ಕೆ ತೆರೆದು ನೋಡಿ, ಸೋಲಾರ್ ಸೊನ್ನೆ.

ಹಾಗಾಗಿ ಪಂಪು, ವಾಷಿಂಗ್ ಮೆಷಿನ್, ದೋಸೆಗೆ ಅರೆಯುವ ಗ್ರೈಂಡರ್, ಇವನ್ನೆಲ್ಲ 11ರಿಂದ 3ರ ಒಳಗೆ ಮುಗಿಸಿ. ನೆಟ್ ಮೀಟರಿಂಗ್ (ಒಳಗೆ ಬಂದ ಯೂನಿಟ್‌ನಿಂದ ಹೊರಗೆ ಹೋದದ್ದನ್ನು ಕಳೆದು ಬಿಲ್ ಮಾಡುವ ಪದ್ಧತಿ) ಇರುವವರಿಗೆ ಇದರಿಂದ ಬಿಲ್ಲಿನಲ್ಲಿ ದೊಡ್ಡ ವ್ಯತ್ಯಾಸ ಕಾಣದು. ಉಳಿಯುವುದು ಸಂಜೆಯ ಕಲ್ಲಿದ್ದಲು. ಸಣ್ಣ ಉಪಕರಣಗಳಿಗೆ ಸ್ಮಾರ್ಟ್ ಪ್ಲಗ್ಗಿನಲ್ಲಿ ಹೊತ್ತು ಹಾಕಿಟ್ಟರೆ ಸಾಕು. ಬಾವಿಯ ಪಂಪಿಗೆ ಮಾತ್ರ ಅದನ್ನು ನೇರ ಸಿಕ್ಕಿಸಬೇಡಿ. ಮೋಟಾರ್ ಶುರುವಾಗುವಾಗ ಕರೆಂಟು ಜಾಸ್ತಿ ಎಳೆಯುತ್ತದೆ, ಪ್ಲಗ್ ಸುಟ್ಟುಹೋದೀತು. ಎಲೆಕ್ಟ್ರಿಷಿಯನ್ ಕರೆಸಿ, ಟೈಮರ್ ಜೊತೆ ಕಾಂಟ್ಯಾಕ್ಟರ್ (ಮೋಟಾರಿನ ಹೆಚ್ಚು ಕರೆಂಟು ತಾಳುವ ಸ್ವಿಚ್) ಹಾಕಿಸಿ.