ತಾಳಮದ್ದಳೆ ಫೋಲ್ಡರ್ ಎಷ್ಟು ಜಾಗ ತಿಂದಿದೆ? ಸ್ಕ್ರಿಪ್ಟಿನಲ್ಲಿ ಅಳೆಯುವ ಬಗೆ

ಹಳೆಯ ತಾಳಮದ್ದಳೆ ಕ್ಯಾಸೆಟ್‌ಗಳನ್ನು ಲಿನಕ್ಸ್ ಕಂಪ್ಯೂಟರಿಗೆ ಇಳಿಸುವುದು ನನ್ನ ಸಂಜೆಯ ಕೆಲಸ. ಸಿಡಿ ಗುಣಮಟ್ಟದ ವೇವ್ ಫೈಲಿಗೆ ಸೆಕೆಂಡಿಗೆ 1,76,400 ಬೈಟ್ ಬೇಕು. ಗಂಟೆಗೆ ಸುಮಾರು 605 ಎಂಬಿ ಆಯಿತು. ರಾತ್ರಿಯಿಡೀ ನಡೆದ ಪ್ರಸಂಗವಾದರೆ ಮೂರು ಜಿಬಿ ದಾಟುತ್ತದೆ. ಡಿಸ್ಕ್ ತುಂಬಿದರೆ ರೆಕಾರ್ಡಿಂಗ್ ಅರ್ಧಕ್ಕೇ ಕೆಡುತ್ತದೆ. ಸವೆದ ಟೇಪನ್ನು ಮತ್ತೆ ಮತ್ತೆ ಓಡಿಸಲು ನನಗೆ ಮನಸ್ಸು ಬರುವುದಿಲ್ಲ. ಹಾಗಾಗಿ ಅಳೆಯುವ ಕೆಲಸವನ್ನು ಸ್ಕ್ರಿಪ್ಟಿಗೆ, ಅಂದರೆ ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲಿಗೆ ಬಿಟ್ಟಿದ್ದೇನೆ.

ಇದಕ್ಕೆ ಬೇಕಾದದ್ದು 'ಡಿಯು' ಕಮಾಂಡ್. 1971ರ ಮೊದಲ ಯುನಿಕ್ಸ್‌ನಿಂದಲೂ ಇದೆ. ಕೆಳಗಿನ ಕಮಾಂಡ್‌ಗಳು ಕನ್ನಡ ಲಿಪಿಯಲ್ಲಿವೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಟೈಪ್ ಮಾಡಿ.

ಸುಮ್ನೆ ಒಮ್ಮೆ ನೋಡಬೇಕಾದರೆ ಇಷ್ಟು ಸಾಕು:

ಡಿಯು -ಎಚ್ -ಡಿ 1 | ಸಾರ್ಟ್ -ಎಚ್

ಒಂದು ಹಂತದ ಫೋಲ್ಡರ್‌ಗಳೆಲ್ಲ ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಬರುತ್ತವೆ. 'ಡಿಯು -ಎಸ್‌ಎಚ್ *' ಎಂದು ಕೊಟ್ಟರೆ ಚುಕ್ಕೆಯಿಂದ ಶುರುವಾಗುವ ಗುಪ್ತ ಫೋಲ್ಡರ್‌ಗಳು ಬಿಟ್ಟುಹೋಗುತ್ತವೆ. ಆಡಿಯೋ ಸಾಫ್ಟ್‌ವೇರ್‌ಗಳ ತಾತ್ಕಾಲಿಕ ಫೈಲ್‌ಗಳು ಅಲ್ಲೇ ಅಡಗಿರುವುದು ಜಾಸ್ತಿ.

ಸ್ಕ್ರಿಪ್ಟಿನಲ್ಲಿ ಮಾತ್ರ -ಎಚ್ ಬೇಡ. '3.5ಜಿ' ಎಂಬ ಉತ್ತರವನ್ನು ನಾವು ಓದಬಹುದು, ಶೆಲ್ (ಕಮಾಂಡ್‌ಗಳನ್ನು ಓದಿ ನಡೆಸುವ ಪ್ರೋಗ್ರಾಂ) ಅದನ್ನು ಸಂಖ್ಯೆಯಾಗಿ ಹೋಲಿಸಲಾರದು. -ಕೆ ಹಾಕಿ, ಎಲ್ಲವೂ ಕೆಬಿ ಲೆಕ್ಕದಲ್ಲಿ ಬರಲಿ:

ಸೈಜ್=$(ಡಿಯು -ಎಸ್‌ಕೆ "$ಡಿರ್" | ಕಟ್ -ಎಫ್1)
ಇಫ್ [ "$ಸೈಜ್" -ಜಿಟಿ 104857600 ]; ದೆನ್ ಎಕೋ "ನೂರು ಜಿಬಿ ದಾಟಿತು"; ಎಫ್‌ಐ

'ಡಿರ್' ನಿಮ್ಮ ಫೋಲ್ಡರಿನ ದಾರಿ. ಅದನ್ನು ಮೊದಲೇ ಕೊಟ್ಟಿರಬೇಕು. ಡಿಯು ಮೊದಲು ಸಂಖ್ಯೆ, ಆಮೇಲೆ ಟ್ಯಾಬ್, ಆಮೇಲೆ ಹೆಸರು ಕೊಡುತ್ತದೆ. 'ಕಟ್' ಸಂಖ್ಯೆಯನ್ನಷ್ಟೇ ಉಳಿಸುತ್ತದೆ. ಉದ್ಧರಣ ಚಿಹ್ನೆ ಬಿಡಬೇಡಿ. 'ಕರ್ಣ ಪರ್ವ' ಎಂಬ ಫೋಲ್ಡರ್ ಹೆಸರಿನ ನಡುವೆ ಜಾಗ ಇದೆ ಅಲ್ವಾ, ಚಿಹ್ನೆ ಇಲ್ಲದಿದ್ದರೆ ಶೆಲ್ ಅದನ್ನು ಎರಡು ಹೆಸರು ಅಂದುಕೊಳ್ಳುತ್ತದೆ. ಓದುವ ಅನುಮತಿ ಇಲ್ಲದ ಫೋಲ್ಡರಿನ ಒಳಗಿನದು ಲೆಕ್ಕಕ್ಕೆ ಸೇರುವುದಿಲ್ಲ. ಆದ್ದರಿಂದ ದೋಷದ ಸಂದೇಶಗಳನ್ನು ಎಸೆಯದೆ ಒಂದು ಲಾಗ್ ಫೈಲಿಗೆ ಬರೆಸಿ.

ಇನ್ನೊಂದು ವಿಷಯ ನನಗೆ ತುಂಬ ಮುಖ್ಯ. ಡಿಯು ಹೇಳುವುದು ಫೈಲಿನ ಉದ್ದವನ್ನಲ್ಲ, ಡಿಸ್ಕಿನಲ್ಲಿ ಅದು ಹಿಡಿದ ಜಾಗವನ್ನು. ಪ್ರತಿ ಕ್ಯಾಸೆಟ್ಟಿಗೂ ಅರ್ಥಧಾರಿಗಳು, ಭಾಗವತರು, ಊರು ಬರೆದಿಟ್ಟ ಪುಟ್ಟ ಕನ್ನಡ ಟಿಪ್ಪಣಿ ಇಡುತ್ತೇನೆ. ಒಂದು ಟಿಪ್ಪಣಿ ಒಂದು ಕೆಬಿಯೂ ಇರುವುದಿಲ್ಲ. ಆದರೂ ಇಎಕ್ಸ್‌ಟಿ4 (ಲಿನಕ್ಸಿನ ಸಾಮಾನ್ಯ ಫೈಲ್ ವ್ಯವಸ್ಥೆ) ಡಿಸ್ಕಿನಲ್ಲಿ ಅದಕ್ಕೆ ಸಾಮಾನ್ಯವಾಗಿ 4 ಕೆಬಿ ಹೋಗುತ್ತದೆ. ವಿಂಡೋಸ್‌ನಲ್ಲಿ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದ ದೊಡ್ಡ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ 128 ಕೆಬಿ ಅಥವಾ ಇನ್ನೂ ಜಾಸ್ತಿ ಹೋಗಬಹುದು. ಬ್ಯಾಕಪ್ ಮಾಡಿದಾಗ ಎರಡು ಕಡೆಯ ಮೊತ್ತ ಬೇರೆ ಬೇರೆ ಬಂದರೆ ಗಾಬರಿಯಾಗಬೇಡಿ. 'ಡಿಯು -ಎಸ್‌ಬಿ' ಕೊಟ್ಟರೆ ನಿಜವಾದ ಬೈಟ್‌ಗಳ ಲೆಕ್ಕ ಸಿಗುತ್ತದೆ. ಫೋಲ್ಡರ್‌ಗಳ ಸ್ವಂತ ಗಾತ್ರವೂ ಡಿಯುವಿನ ಹಳೆಯ ಆವೃತ್ತಿಗಳಲ್ಲಿ ಅದರಲ್ಲಿ ಸೇರುವುದರಿಂದ ಚೂರು ವ್ಯತ್ಯಾಸ ಉಳಿಯಬಹುದು. ಮ್ಯಾಕ್‌ನ ಡಿಯುಗೆ ಈ ಆಯ್ಕೆ ಇಲ್ಲ. ನಕಲು ಸರಿಯಾಗಿದೆಯೇ ಎಂದು ತಿಳಿಯಲು ಗಾತ್ರವನ್ನು ನಂಬಬೇಡಿ, 'ಎಸ್‌ಎಚ್‌ಎ256ಸಮ್' ಓಡಿಸಿ, ಅದು ಫೈಲಿನ ಒಳಗಿನದನ್ನು ಓದಿ ಕೊಡುವ ಗುರುತಿನ ಸಂಖ್ಯೆಯನ್ನು ಎರಡೂ ಕಡೆ ಹೋಲಿಸಿ.

ಉಳಿದ ಜಾಗ ತಿಳಿಯಲು 'ಡಿಎಫ್ -ಎಚ್' ಇದೆ. 1 ಟಿಬಿ ಎಂದು ಮಾರುವ ಡಿಸ್ಕ್ ಅಲ್ಲಿ 931 ಜಿಬಿ ಆಸುಪಾಸು ಕಾಣುತ್ತದೆ. ತಯಾರಕರು ಸಾವಿರದಲ್ಲಿ ಎಣಿಸುತ್ತಾರೆ, ಈ ಕಮಾಂಡ್ 1024ರಲ್ಲಿ ಎಣಿಸುತ್ತದೆ. ನನ್ನ ಸ್ಕ್ರಿಪ್ಟನ್ನು ಕ್ರಾನ್ (ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಲಿನಕ್ಸ್ ಸೇವೆ) ದಿನಾ ಸಂಜೆ ಐದಕ್ಕೆ ಓಡಿಸುತ್ತದೆ, ಟೇಪ್ ಹಾಕುವ ಮುಂಚೆ.