ಪಿತ್ತನಾಳದ ಕ್ಯಾನ್ಸರ್‌ನಲ್ಲಿ ಜೀನ್ ಅಭಿವ್ಯಕ್ತಿಯಿಂದ ಉಳಿವಿನ ಅಂದಾಜು: ಮಾಡುವ ಬಗೆ, ಎಡವುವ ಜಾಗಗಳು

ಗಡ್ಡೆಯಲ್ಲಿ ಯಾವ ಜೀನ್ ಎಷ್ಟು ಚುರುಕಾಗಿದೆ (ಜೀನ್ ಅಭಿವ್ಯಕ್ತಿ) ಎಂದು ಅಳೆದು, ಅದರಿಂದ ರೋಗಿ ಎಷ್ಟು ಕಾಲ ಉಳಿಯಬಹುದೆಂದು ಹೇಳುವ ಒಂದು ಸಂಖ್ಯೆ, ಅಂದರೆ ಅಂಕ, ಕಟ್ಟುವುದು ಇಲ್ಲಿನ ಕೆಲಸ. ದತ್ತಾಂಶ ಇಳಿಸಿಕೊಂಡ ಕೂಡಲೇ ಸಾವುಗಳನ್ನು ಎಣಿಸಿ. ಬಹುತೇಕರು ಮೊದಲು ಕೈಹಾಕುವುದು ಹಲವು ಕ್ಯಾನ್ಸರ್‌ಗಳ ಜೀನ್ ಮಾಹಿತಿಯನ್ನು ಸಾರ್ವಜನಿಕವಾಗಿ ಕೊಡುವ ಅಮೆರಿಕದ ಟಿಸಿಜಿಎ ಯೋಜನೆಯ ಪಿತ್ತನಾಳ ವಿಭಾಗಕ್ಕೆ. ಅಲ್ಲಿ ಆರ್‌ಎನ್‌ಎ ಸೀಕ್ವೆನ್ಸಿಂಗ್ (ಜೀನ್ ಅಭಿವ್ಯಕ್ತಿ ಅಳೆಯುವ ವಿಧಾನ) ಆಗಿರುವ ಗಡ್ಡೆಗಳು 36ರ ಆಸುಪಾಸು, ಗಡ್ಡೆಯ ಪಕ್ಕದ ಅಂಗಾಂಶದ ಮಾದರಿಗಳು 9. ಆ ರೋಗಿಗಳಲ್ಲಿ ಸಾವು ದಾಖಲಾಗಿರುವುದು ಸುಮಾರು ಅರ್ಧದಷ್ಟು ಮಂದಿಗೆ, ಅಂದರೆ 18ರಷ್ಟು. ಒಂದು ಕಡೆ 20,000 ಜೀನ್, ಇನ್ನೊಂದು ಕಡೆ 18 ಸಾವು. ಯಾವ ಜೀನಿಗೂ ಉಳಿವಿನ ಜೊತೆ ಸಂಬಂಧವೇ ಇಲ್ಲ ಎಂದುಕೊಂಡರೂ ಪಿ-ಮೌಲ್ಯ (ಸಂಬಂಧವೇ ಇಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಾಧ್ಯತೆ) 0.05ಕ್ಕಿಂತ ಕಡಿಮೆ ಬರುವ ಜೀನ್‌ಗಳು ಸುಮಾರು 1,000 ಸಿಕ್ಕೇ ಸಿಗುತ್ತವೆ. ಅವುಗಳಿಂದ 8 ಜೀನ್ ಆರಿಸಿ, ಅದೇ ರೋಗಿಗಳ ಮೇಲೆ ಕಪ್ಲಾನ್-ಮೇಯರ್ ರೇಖೆ (ಕಾಲ ಕಳೆದಂತೆ ಎಷ್ಟು ಮಂದಿ ಉಳಿದಿದ್ದಾರೆ ಎಂದು ತೋರಿಸುವ ಚಿತ್ರ) ಎಳೆದರೆ ಹೆಚ್ಚು ಅಂಕದವರ, ಕಡಿಮೆ ಅಂಕದವರ ಎರಡು ಗೆರೆಗಳು ಚೆನ್ನಾಗಿ ದೂರ ಸರಿಯುತ್ತವೆ. ಆ ಚಿತ್ರದಿಂದ ಯಾವ ರೋಗಿಯ ಬಗ್ಗೆಯೂ ಏನೂ ತಿಳಿಯುವುದಿಲ್ಲ.

ಎಷ್ಟು ಸಾವು ಬೇಕು ಎಂದು ಕಾಗದದ ಮೇಲೆ ಲೆಕ್ಕ ಹಾಕಬಹುದು. ರೋಗಿಗಳನ್ನು ಸಮನಾದ ಎರಡು ಗುಂಪು ಮಾಡಿ, 80% ಸಾಮರ್ಥ್ಯ (ನಿಜವಾದ ಅಂತರವಿದ್ದರೆ ಅದನ್ನು ಹಿಡಿಯುವ ಸಾಧ್ಯತೆ), 5% ತಪ್ಪಿನ ಮಿತಿ ಇಟ್ಟರೆ, ಬೇಕಾದ ಸಾವುಗಳು = 31.4 ÷ (ಅಪಾಯದ ಅನುಪಾತದ ಸಹಜ ಲಾಗ್)ನ ವರ್ಗ. ಅಪಾಯದ ಅನುಪಾತ ಎಂದರೆ ಒಂದು ಗುಂಪಿನ ಸಾವಿನ ಅಪಾಯ ಇನ್ನೊಂದರದ್ದರ ಎಷ್ಟು ಪಟ್ಟು ಎಂಬುದು. ಅಪಾಯ ಎರಡು ಪಟ್ಟಾಗುವುದನ್ನು ಹಿಡಿಯಲು 66 ಸಾವು ಬೇಕು. 18 ಸಾವುಗಳಲ್ಲಿ ನೆಚ್ಚಿಕೊಂಡು ಹಿಡಿಯಬಹುದಾದದ್ದು ಸುಮಾರು 3.7 ಪಟ್ಟು ಮತ್ತು ಅದಕ್ಕಿಂತ ದೊಡ್ಡ ಅಂತರವನ್ನು ಮಾತ್ರ. ಒಂದೇ ಒಂದು ಜೀನು ಅಷ್ಟು ಪ್ರಭಾವ ಬೀರುವುದು ತೀರಾ ಅಪರೂಪ. ಹಾಗಾಗಿ ಟಿಸಿಜಿಎ ಗುಂಪನ್ನು ಕಲಿಯಲು ಬಳಸಿ, ತೀರ್ಮಾನಕ್ಕೆ ಬಳಸಬೇಡಿ.

ಯಾವ ಕಾಯಿಲೆ ಎಂದು ಬೇರ್ಪಡಿಸುವುದು

ಲಿವರ್ ಒಳಗಿನ ನಾಳ, ಲಿವರ್‌ನಿಂದ ನಾಳಗಳು ಹೊರಬಂದು ಕೂಡುವ ಜಾಗ, ಕೆಳಗಿನ ನಾಳ: ಈ ಮೂರೂ ಕಡೆಯ ಗಡ್ಡೆಗಳ ಜೀವಶಾಸ್ತ್ರ ಬೇರೆ, ಶಸ್ತ್ರಚಿಕಿತ್ಸೆ ಬೇರೆ. ಎಫ್‌ಜಿಎಫ್‌ಆರ್2 ಜೀನಿನ ಬೆಸುಗೆ (ಬೇರೊಂದು ಜೀನಿನೊಂದಿಗೆ ಕೂಡಿಕೊಳ್ಳುವುದು), ಐಡಿಎಚ್1 ಜೀನಿನ ರೂಪಾಂತರ ಹೆಚ್ಚಾಗಿ ಸಿಗುವುದು ಲಿವರ್ ಒಳಗಿನ ಬಗೆಯಲ್ಲಿ. ಟಿಸಿಜಿಎ ಮಾದರಿಗಳಲ್ಲೂ ಬಹುಪಾಲು ಅದೇ ಬಗೆ. ಅಲ್ಲಿ ಕಟ್ಟಿದ ಅಂಕವನ್ನು ಕೆಳಗಿನ ನಾಳದ ರೋಗಿಗಳ ಮೇಲೆ ಹಾಗೇ ಹಾಕುವಂತಿಲ್ಲ. ಕಾರಣಗಳೂ ಬೇರೆ ಬೇರೆ. ಈಶಾನ್ಯ ಥೈಲ್ಯಾಂಡಿನಲ್ಲಿ ಹಸಿ ಮೀನಿನ ಮೂಲಕ ಬರುವ ಲಿವರ್ ಹುಳ ಮುಖ್ಯ ಕಾರಣ. 10 ದೇಶಗಳ 489 ಗಡ್ಡೆಗಳನ್ನು ನೋಡಿದ 2017ರ ಅಧ್ಯಯನದಲ್ಲಿ ನಾಲ್ಕು ಗುಂಪುಗಳು ಕಂಡುಬಂದವು. ಹುಳದಿಂದ ಬಂದ ಗಡ್ಡೆಗಳು ಹೆಚ್ಚಾಗಿ ಎರಡು ಗುಂಪುಗಳಲ್ಲಿ ಕೂಡಿಕೊಂಡಿದ್ದವು, ಉಳಿವು ಕಡಿಮೆ ಇದ್ದದ್ದೂ ಆ ಗುಂಪುಗಳಲ್ಲೇ. ಹುಳದ ಮಾಹಿತಿ ಇಲ್ಲದೆ ಮಾಡಿದ ಲೆಕ್ಕದಲ್ಲಿ ನಿಮ್ಮ ಜೀನು ಬರೀ ಊರನ್ನು ಗುರುತಿಸುತ್ತಿರಬಹುದು.

ಭಾರತದ ಆಸ್ಪತ್ರೆಗಳ ದಾಖಲೆ ಬಳಸುವವರಿಗೆ ಒಂದು ಮಾತು. 'ಪಿತ್ತಮಾರ್ಗದ ಕ್ಯಾನ್ಸರ್' ಎಂಬ ಹೆಸರಿನಡಿ ಪಿತ್ತಕೋಶದ ಕ್ಯಾನ್ಸರ್ ಕೂಡ ಸೇರಿರುತ್ತದೆ, ಗಂಗಾ ಬಯಲಿನ ಆಸ್ಪತ್ರೆಗಳಲ್ಲಂತೂ ಅದೇ ಹೆಚ್ಚು. ಐಸಿಡಿ-10 ಸಂಕೇತ (ಕಾಯಿಲೆಗಳ ಅಂತರರಾಷ್ಟ್ರೀಯ ವರ್ಗೀಕರಣದ ಸಂಕೇತ) ನೋಡಿ ಬೇರ್ಪಡಿಸಿ: ಲಿವರ್ ಒಳಗಿನ ನಾಳ ಸಿ22.1, ಪಿತ್ತಕೋಶ ಸಿ23, ಲಿವರ್ ಹೊರಗಿನ ನಾಳ ಸಿ24.0. ನಾಳಗಳು ಕೂಡುವ ಜಾಗದ ಗಡ್ಡೆಯನ್ನು ತಪ್ಪಾಗಿ ಸಿ22.1 ಎಂದು ನಮೂದಿಸಿರುವುದು ಹಲವು ದೇಶಗಳಲ್ಲಿ ಇದೆ. ಆದ್ದರಿಂದ ಪೆಥಾಲಜಿ ವರದಿಯನ್ನೂ ಓದಿ.

ಕೋಷ್ಟಕ ಸಿದ್ಧಪಡಿಸುವುದು

ಪ್ರತಿ ತುಂಡಿಗೂ ಕೊಟ್ಟಿರುವ ಟಿಸಿಜಿಎ ಬಾರ್‌ಕೋಡಿನ ಮೊದಲ 12 ಅಕ್ಷರ ರೋಗಿಯ ಗುರುತು. 14 ಮತ್ತು 15ನೇ ಅಂಕಿ 01 ಆಗಿದ್ದರೆ ಗಡ್ಡೆ, 11 ಆಗಿದ್ದರೆ ಪಕ್ಕದ ಅಂಗಾಂಶ. ಉಳಿವಿನ ಲೆಕ್ಕಕ್ಕೆ 01 ಮಾತ್ರ ಇಟ್ಟುಕೊಳ್ಳಿ. ತೀರಿಕೊಂಡವರಿಗೆ ಸಾವಿನವರೆಗಿನ ದಿನಗಳು, ಉಳಿದವರಿಗೆ ಕೊನೆಯ ಭೇಟಿಯವರೆಗಿನ ದಿನಗಳು, 30.44ರಿಂದ ಭಾಗಿಸಿದರೆ ತಿಂಗಳು. ಅವಧಿ ಖಾಲಿ ಇರುವ ಅಥವಾ ಸೊನ್ನೆ ಇರುವ ಸಾಲುಗಳನ್ನು ತೆಗೆದು, ಎಷ್ಟು ತೆಗೆದಿರಿ ಎಂದು ಬರೆದಿಡಿ. ಶಸ್ತ್ರಚಿಕಿತ್ಸೆಯಾಗಿ 90 ದಿನದೊಳಗೆ ತೀರಿಕೊಂಡವರ ಸಾವಿಗೆ ಗಡ್ಡೆಗಿಂತ ಲಿವರ್ ವೈಫಲ್ಯ, ಸೋಂಕು ಕಾರಣವಾಗಿರುವ ಸಾಧ್ಯತೆ ಹೆಚ್ಚು. ಅವರನ್ನು ಬಿಡುವುದಾದರೆ ಗಡಿಯಾರವನ್ನು ಎಲ್ಲರಿಗೂ 90ನೇ ದಿನದಿಂದಲೇ ಶುರುಮಾಡಿ. ಈ ತೀರ್ಮಾನ ಫಲಿತಾಂಶ ನೋಡುವ ಮೊದಲೇ ಆಗಿರಬೇಕು.

ಪ್ರತಿ ಮಾದರಿಯಲ್ಲಿ ಪ್ರತಿ ಜೀನಿನ ಆರ್‌ಎನ್‌ಎ ಎಷ್ಟು ಸಲ ಸಿಕ್ಕಿತು ಎಂಬ ಎಣಿಕೆಗಳ ಕೋಷ್ಟಕದಲ್ಲಿ, ಐದರಲ್ಲಿ ಒಂದು ಪಾಲು ಮಾದರಿಗಳಲ್ಲಾದರೂ 10 ಎಣಿಕೆ ಮುಟ್ಟದ ಜೀನ್‌ಗಳನ್ನು ಬಿಡಿ. ಉಳಿದದ್ದನ್ನು ಡಿಇಸೆಕ್2 ಎಂಬ ತಂತ್ರಾಂಶ ಪ್ಯಾಕೇಜಿನ ವಿಎಸ್‌ಟಿ ಕ್ರಮದಿಂದ (ಎಣಿಕೆಗಳ ಏರಿಳಿತವನ್ನು ಸಮಗೊಳಿಸುವ ಕ್ರಮ) ಪರಿವರ್ತಿಸಿ. ನಂತರ ಪ್ರತಿ ಜೀನಿನಿಂದ ಅದರ ಸರಾಸರಿ ಕಳೆದು, ಪ್ರಮಾಣ ವಿಚಲನೆಯಿಂದ ಭಾಗಿಸಿ. ಹೀಗೆ ಮಾಡಿದಾಗ ಕಾಕ್ಸ್ ಮಾದರಿಯ (ಸಾವಿನ ಅಪಾಯಕ್ಕೂ ಜೀನಿನ ಮಟ್ಟಕ್ಕೂ ಇರುವ ಸಂಬಂಧ ಅಳೆಯುವ ಗಣಿತ ಸೂತ್ರ) ಗುಣಾಂಕಕ್ಕೆ ಅರ್ಥ ಬರುತ್ತದೆ: ಗುಣಾಂಕ 0.4 ಇದ್ದರೆ, ಆ ಜೀನು ಒಂದು ಪ್ರಮಾಣ ವಿಚಲನೆಯಷ್ಟು ಏರಿದಾಗ ಅಪಾಯ 1.49 ಪಟ್ಟು.

'ಸಹಜ' ಮಾದರಿಯ ಮೋಸ

ಅತಿ ಹೆಚ್ಚು ಮಂದಿ ಜಾರುವುದು ಇಲ್ಲಿ. ಗಡ್ಡೆಗೂ ಸಹಜ ಅಂಗಾಂಶಕ್ಕೂ ವ್ಯತ್ಯಾಸವಿರುವ ಜೀನ್‌ಗಳನ್ನು ಮೊದಲು ಆರಿಸಿ, ಅವುಗಳಲ್ಲಿ ಉಳಿವಿಗೆ ಸಂಬಂಧಿಸಿದ್ದನ್ನು ಹುಡುಕುವುದು ರೂಢಿಯಾಗಿಬಿಟ್ಟಿದೆ. ಆದರೆ ಲಿವರ್ ಒಳಗಿನ ಗಡ್ಡೆಯ ಪಕ್ಕದಿಂದ ಕತ್ತರಿಸಿದ ತುಂಡು ಪಿತ್ತನಾಳವಲ್ಲ, ಬಹುಪಾಲು ಲಿವರ್ ಜೀವಕೋಶ. ಆದ್ದರಿಂದ 'ಗಡ್ಡೆಯಲ್ಲಿ ಏರಿದೆ' ಎಂದು ಕಾಣುವ ಕೆಆರ್‌ಟಿ19, ಕೆಆರ್‌ಟಿ7, ಇಪಿಸಿಎಎಮ್ ಆರೋಗ್ಯವಂತ ಪಿತ್ತನಾಳದ ಜೀವಕೋಶದಲ್ಲೂ ಇರುವಂಥವೇ. 'ಇಳಿದಿದೆ' ಎಂದು ಕಾಣುವ ಎಎಲ್‌ಬಿ, ಎಪಿಒಎ1 ಲಿವರ್ ಜೀವಕೋಶದ ಗುರುತುಗಳು. ಆ ಹೋಲಿಕೆ ಎರಡು ಬಗೆಯ ಜೀವಕೋಶಗಳನ್ನು ಬೇರ್ಪಡಿಸಿತೇ ಹೊರತು ಕ್ಯಾನ್ಸರನ್ನು ಹಿಡಿಯಲಿಲ್ಲ. ಉಳಿವಿನ ಅಂದಾಜಿಗೆ ಈ ಜರಡಿಯ ಅಗತ್ಯವೇ ಇಲ್ಲ. ಬಿಟ್ಟುಬಿಡಿ.

ಗಡ್ಡೆಯ ತುಂಡಿನಲ್ಲೂ ಇದೇ ಬೆರಕೆ ಇರುತ್ತದೆ. ಪಿತ್ತನಾಳದ ಗಡ್ಡೆಯಲ್ಲಿ ನಾರು ಅಂಗಾಂಶ ದಟ್ಟ. ತುಂಡಿನ ಹೆಚ್ಚಿನ ಭಾಗ ಕ್ಯಾನ್ಸರ್ ಜೀವಕೋಶವೇ ಅಲ್ಲದಿರಬಹುದು. ನೀವು ಆರಿಸಿದ ಜೀನ್‌ಗಳು ನಾರು ಅಂಗಾಂಶದ ಗುರುತಾದ ಸಿಒಎಲ್1ಎ1ಗೋ ಲಿವರ್‌ನ ಗುರುತಾದ ಎಎಲ್‌ಬಿಗೋ ಹೊಂದಿಕೊಂಡು ಏರಿಳಿಯುತ್ತವೆಯೇ ನೋಡಿ. ಪರಸ್ಪರ ಸಂಬಂಧದ ಗುಣಾಂಕ 0.7 ದಾಟಿದರೆ ನಿಮ್ಮ ಅಂಕ ಅಳೆಯುತ್ತಿರುವುದು ತುಂಡಿನಲ್ಲಿ ನಾರೆಷ್ಟು, ಲಿವರ್ ಎಷ್ಟು ಎಂಬುದನ್ನು. ಅದೂ ಉಪಯೋಗಕ್ಕೆ ಬರಬಹುದು, ಆದರೆ ಹೊಸ ಕ್ಯಾನ್ಸರ್ ಜೀನ್ ಸಿಕ್ಕಿತು ಎಂದು ಬರೆಯಬಾರದು.

ಅಂಕ ಕಟ್ಟುವುದು

ಸಾವುಗಳು ಕಡಿಮೆ ಇರುವಾಗ ಲ್ಯಾಸೊ (ಹೆಚ್ಚಿನ ಗುಣಾಂಕಗಳಿಗೆ ದಂಡ ಹಾಕಿ, ಕೆಲವೇ ಜೀನ್‌ಗಳನ್ನು ಉಳಿಸುವ ವಿಧಾನ) ಬೇಡ ಎಂಬುದು ನಮ್ಮ ಅಭಿಪ್ರಾಯ. ಒಟ್ಟಿಗೆ ಏರಿಳಿಯುವ ಜೀನ್‌ಗಳಲ್ಲಿ ಅದು ಒಂದನ್ನು ಉಳಿಸಿ ಮಿಕ್ಕವನ್ನು ಸೊನ್ನೆ ಮಾಡುತ್ತದೆ. ಯಾವುದು ಉಳಿಯುತ್ತದೆ ಎಂಬುದು ರ್‍ಯಾಂಡಮ್ ಸೀಡ್ (ಯಾದೃಚ್ಛಿಕ ಆಯ್ಕೆಗೆ ಕಂಪ್ಯೂಟರಿಗೆ ಕೊಡುವ ಆರಂಭಿಕ ಸಂಖ್ಯೆ) ಬದಲಾದಂತೆ ಬದಲಾಗುತ್ತದೆ. ಐದು ಮಡಿಕೆಯ ಕ್ರಾಸ್-ವ್ಯಾಲಿಡೇಶನ್ನಿನಲ್ಲಿ (ರೋಗಿಗಳನ್ನು ಐದು ಪಾಲು ಮಾಡಿ, ನಾಲ್ಕರಲ್ಲಿ ಕಲಿತು ಐದನೆಯದರಲ್ಲಿ ಪರೀಕ್ಷಿಸುವುದು) ಒಂದೊಂದು ಮಡಿಕೆಗೆ ಸಿಗುವುದು ಮೂರೋ ನಾಲ್ಕೋ ಸಾವು. ಅಷ್ಟರಲ್ಲಿ ದಂಡದ ಪ್ರಮಾಣ ಸ್ಥಿರವಾಗಿ ನಿಲ್ಲುವುದಿಲ್ಲ. ಜೀವಕೋಶ ವಿಭಜನೆಯಂಥ ಮೊದಲೇ ತಿಳಿದ ಒಂದು ಗುಂಪನ್ನು (ಎಮ್‌ಕೆಐ67, ಟಿಒಪಿ2ಎ ಮತ್ತು ಜೊತೆಗಾರ ಜೀನ್‌ಗಳು) ತೆಗೆದುಕೊಂಡು, ಅವುಗಳ ಪ್ರಮಾಣೀಕರಿಸಿದ ಮೌಲ್ಯಗಳ ಸರಾಸರಿಯನ್ನೇ ಅಂಕ ಮಾಡಿ. ಅದು ಒಂದೇ ಚರಾಂಶ, 18 ಸಾವುಗಳು ಹೊರಬಲ್ಲ ಭಾರ. ಲ್ಯಾಸೊ ಬಳಸಲೇಬೇಕಾದರೆ ಜೀನ್ ಆರಿಸುವ ಹೆಜ್ಜೆಯನ್ನೂ ಪ್ರತಿ ಮಡಿಕೆಯ ಒಳಗೇ ಮತ್ತೆ ಮಾಡಿ. ಎಲ್ಲ ರೋಗಿಗಳ ಮೇಲೆ ಜೀನ್ ಆರಿಸಿ, ಆಮೇಲೆ ಮಡಿಕೆ ಮಾಡಿದರೆ ಉತ್ತರ ಮೊದಲೇ ಸೋರಿಹೋಗಿರುತ್ತದೆ.

ಅಂಕವನ್ನು ಹೆಚ್ಚು-ಕಡಿಮೆ ಎಂದು ಎರಡಾಗಿ ಒಡೆಯದೆ ಅಖಂಡ ಸಂಖ್ಯೆಯಾಗಿಯೇ ಕಾಕ್ಸ್ ಮಾದರಿಗೆ ಕೊಡಿ. ಪಿ-ಮೌಲ್ಯ ಅತಿ ಕಡಿಮೆ ಬರುವ ಗಡಿಯನ್ನು ಹುಡುಕಿಕೊಡುವ ಸಾಧನಗಳು ಸಿಗುತ್ತವೆ. ಆದರೆ ಹತ್ತಾರು ಗಡಿಗಳನ್ನು ಪರೀಕ್ಷಿಸಿ ಒಂದನ್ನು ತೋರಿಸಿದಾಗ 5% ಎಂದು ಹೇಳಿಕೊಂಡ ತಪ್ಪಿನ ಪ್ರಮಾಣ ನಿಜದಲ್ಲಿ 40%ರವರೆಗೂ ಹೋಗಬಲ್ಲದು. ಚಿತ್ರಕ್ಕೆ ಎರಡು ಗೆರೆ ಬೇಕೆಂದರೆ ಮಧ್ಯಾಂಕದಲ್ಲಿ ಒಡೆಯಿರಿ, ಅದೂ ಮೊದಲೇ ಬರೆದಿಟ್ಟು. ಅಪಾಯದ ಅನುಪಾತ ಕಾಲದೊಂದಿಗೆ ಬದಲಾಗುತ್ತಿಲ್ಲವೇ ಎಂದು ಶೋನ್‌ಫೆಲ್ಡ್ ಶೇಷಗಳಿಂದ (ಇದನ್ನೇ ಪರೀಕ್ಷಿಸಲು ಇರುವ ಲೆಕ್ಕ) ನೋಡಿ.

ಇನ್ನು ಹೆಚ್ಚಿನವರು ಮಾಡದ, ಎಲ್ಲರೂ ಮಾಡಬೇಕಾದ ಪರೀಕ್ಷೆ. ನಿಮ್ಮ ಗುಂಪಿನಲ್ಲಿ ಎಷ್ಟು ಜೀನ್ ಇವೆಯೋ ಅಷ್ಟೇ ಜೀನ್‌ಗಳನ್ನು ಚೀಟಿ ಎತ್ತಿದ ಹಾಗೆ 1,000 ಸಲ ಆರಿಸಿ, ಪ್ರತಿ ಸಲವೂ ಪೂರ್ತಿ ಲೆಕ್ಕ ಮಾಡಿ. ಸ್ತನ ಕ್ಯಾನ್ಸರ್‌ನಲ್ಲಿ 2011ರಲ್ಲಿ ಹೀಗೆ ಮಾಡಿದಾಗ, 100ಕ್ಕಿಂತ ಹೆಚ್ಚು ಜೀನ್ ಇರುವ ಯಾದೃಚ್ಛಿಕ ಗುಂಪುಗಳಲ್ಲಿ 90%ಕ್ಕೂ ಹೆಚ್ಚು ಗುಂಪುಗಳು ಉಳಿವಿನೊಂದಿಗೆ 'ಸಂಬಂಧ' ತೋರಿಸಿದವು. ನಿಮ್ಮ ಅಂಕ ಆ ಸಾವಿರದಲ್ಲಿ 950ನ್ನಾದರೂ ಮೀರಿಸದಿದ್ದರೆ ಅಲ್ಲಿಗೇ ನಿಲ್ಲಿಸಿ.

ಹೊರಗಿನ ರೋಗಿಗಳ ಮೇಲೆ ಪರೀಕ್ಷೆ

ಗುಣಾಂಕಗಳನ್ನು ಬೀಗ ಹಾಕಿದಂತೆ ಇಟ್ಟು, ಬೇರೆ ಗುಂಪಿಗೆ ಹೋಗಿ. ಜಿಎಸ್‌ಇ89749, ಜಿಎಸ್‌ಇ107943, ಇ-ಎಮ್‌ಟಿಎಬಿ-6389 ಎಂಬ ಸಂಖ್ಯೆಯ ದತ್ತಾಂಶಗಳು ಸಾರ್ವಜನಿಕವಾಗಿ ಸಿಗುತ್ತವೆ. ಕೆಲವದರ ಉಳಿವಿನ ಮಾಹಿತಿ ಪ್ರಬಂಧದ ಪೂರಕ ಕೋಷ್ಟಕದಲ್ಲಿರುತ್ತದೆ, ಮಾದರಿಯ ಗುರುತು ನೋಡಿ ಜೋಡಿಸಬೇಕು. ಕಲಿಕೆಯ ಗುಂಪು ಮತ್ತು ಪರೀಕ್ಷೆಯ ಗುಂಪನ್ನು ಒಟ್ಟಿಗೆ ಸುರಿದು ಬ್ಯಾಚ್ ತಿದ್ದುಪಡಿ (ಬೇರೆ ಪ್ರಯೋಗಾಲಯ, ಬೇರೆ ಸಮಯದ ಅಳತೆಗಳ ವ್ಯತ್ಯಾಸ ಕಳೆಯುವುದು) ಮಾಡಬೇಡಿ. ಎರಡರ ನಡುವಿನ ಗೋಡೆ ಅಲ್ಲೇ ಕುಸಿಯುತ್ತದೆ. ಅರೇ (ಚಿಪ್ ಮೇಲೆ ಜೀನ್ ಅಳೆಯುವ ಹಳೆಯ ವಿಧಾನ) ಮತ್ತು ಸೀಕ್ವೆನ್ಸಿಂಗ್ ಅಳತೆಗಳು ಬೇರೆ ಇರುವುದರಿಂದ ಪ್ರತಿ ಗುಂಪಿನೊಳಗೆ ಪ್ರತ್ಯೇಕವಾಗಿ ಪ್ರಮಾಣೀಕರಿಸಿ. ಇದಕ್ಕೊಂದು ಬೆಲೆಯಿದೆ: ಒಬ್ಬನೇ ರೋಗಿ ಬಂದಾಗ ಸರಾಸರಿಯೇ ಇಲ್ಲದ್ದರಿಂದ ಅಂಕ ಹಾಕಲಾಗದು. ಆಸ್ಪತ್ರೆಗೆ ಒಯ್ಯುವ ಉದ್ದೇಶವಿದ್ದರೆ ಒಂದೇ ಮಾದರಿಯೊಳಗೆ ಎರಡು ಜೀನ್‌ಗಳಲ್ಲಿ ಯಾವುದು ಹೆಚ್ಚು ಎಂದು ಕೇಳುವ ಜೋಡಿ ಕ್ರಮ ಮೇಲು.

ಪರೀಕ್ಷೆಯ ಗುಂಪಿನಲ್ಲಿ ಎರಡು ಸಂಖ್ಯೆ ನೋಡಿ. ಮೊದಲನೆಯದು ಸಿ-ಸೂಚ್ಯಂಕ, ಅಂದರೆ ಇಬ್ಬರು ರೋಗಿಗಳಲ್ಲಿ ಯಾರು ಬೇಗ ತೀರಿಕೊಳ್ಳುತ್ತಾರೆ ಎಂದು ಅಂಕ ಸರಿಯಾಗಿ ಹೇಳುವ ಪ್ರಮಾಣ. ಅದು 0.5 ಎಂದರೆ ನಾಣ್ಯ ಚಿಮ್ಮಿದಂತೆ. 1,000 ಬೂಟ್‌ಸ್ಟ್ರ್ಯಾಪ್‌ಗಳಿಂದ (ಅದೇ ರೋಗಿಗಳಿಂದ ಮರುಮರು ಆರಿಸಿ ಲೆಕ್ಕ ಮಾಡುವುದು) ಅದರ ವ್ಯಾಪ್ತಿಯನ್ನೂ ಕೊಡಿ. ಎರಡನೆಯದು, ಕಲಿಕೆಯ ಗುಂಪಿನ ಗುಣಾಂಕದಿಂದ ಗುಣಿಸಿದ ನಿಮ್ಮ ಅಂಕವೊಂದನ್ನೇ ಇಟ್ಟು ಹೊಸ ಕಾಕ್ಸ್ ಮಾದರಿ ಮಾಡಿದಾಗ ಬರುವ ಇಳಿಜಾರು. ಅದು 1ರ ಹತ್ತಿರ ಇರಬೇಕು, 0.3 ಬಂದರೆ ಕಲಿಕೆಯ ಗುಂಪಿನಲ್ಲಿ ಗದ್ದಲವನ್ನೇ ಕಂಠಪಾಠ ಮಾಡಿದ್ದೀರಿ.

ಆಮೇಲೆ ವೈದ್ಯರು ಕೇಳುವ ಪ್ರಶ್ನೆ: ರೋಗದ ಹಂತ, ದುಗ್ಧರಸ ಗ್ರಂಥಿಗೆ ಹರಡುವಿಕೆ, ಕತ್ತರಿಸಿದ ಅಂಚಿನಲ್ಲಿ ಗಡ್ಡೆ ಉಳಿದಿದೆಯೇ ಎಂಬುದು ಗೊತ್ತಿದ್ದ ಮೇಲೂ ಈ ಅಂಕ ಏನಾದರೂ ಹೆಚ್ಚು ಹೇಳುತ್ತದೆಯೇ? ಈ ಮೂರರ ಮಾದರಿಗೆ ಅಂಕ ಸೇರಿಸಿ, ಲೈಕ್ಲಿಹುಡ್ ರೇಶಿಯೊ ಪರೀಕ್ಷೆಯಿಂದ (ಅಂಕ ಸೇರಿಸಿದ ಮೇಲೆ ಮಾದರಿ ದತ್ತಾಂಶಕ್ಕೆ ಹೆಚ್ಚು ಹೊಂದುತ್ತದೆಯೇ ಎಂಬ ಪರೀಕ್ಷೆ) ಹೋಲಿಸಿ. ರಕ್ತದಲ್ಲಿ ಅಳೆಯುವ ಕ್ಯಾನ್ಸರ್ ಗುರುತಾದ ಸಿಎ 19-9 ಸೇರಿಸುವಾಗ ಕಾಮಾಲೆ ಇಳಿದ ಮೇಲಿನ ಮೌಲ್ಯವನ್ನೇ ಬಳಸಿ. ಪಿತ್ತ ಕಟ್ಟಿಕೊಂಡಾಗ ಕ್ಯಾನ್ಸರ್ ಇಲ್ಲದವರಲ್ಲೂ ಅದು ಏರುತ್ತದೆ, ಮತ್ತು ಲೂಯಿಸ್ ಪ್ರತಿಜನಕ ಇಲ್ಲದ 5-10% ಜನರಲ್ಲಿ ಅದು ಹುಟ್ಟುವುದೇ ಇಲ್ಲ.

ಈ ಅಂಕದಿಂದ ಔಷಧಿ ನಿರ್ಧಾರವಾಗುವುದಿಲ್ಲ. ಪೆಮಿಗಟಿನಿಬ್ ಔಷಧಿಗೆ ಎಫ್‌ಜಿಎಫ್‌ಆರ್2 ಬೆಸುಗೆಯಂಥ ಬದಲಾವಣೆ, ಐವೋಸಿಡೆನಿಬ್ ಔಷಧಿಗೆ ಐಡಿಎಚ್1 ರೂಪಾಂತರ ನೋಡುವ ಪರೀಕ್ಷೆಗಳು ಬೇರೆಯೇ ಇವೆ. ರೋಗಿಗೆ ಮೊದಲು ಬೇಕಾದದ್ದು ಅವು.

ಪ್ರಕಟಿಸುವಾಗ ಇಂಥ ಅಧ್ಯಯನಗಳನ್ನು ವರದಿ ಮಾಡುವ ಬಗೆ ಹೇಳುವ ರಿಮಾರ್ಕ್ ಮತ್ತು ಟ್ರೈಪಾಡ್ ಮಾರ್ಗಸೂಚಿಗಳ ಪಟ್ಟಿ ಎದುರಿಗಿರಲಿ. ಪ್ರತಿ ಜೀನಿನ ಎನ್‌ಸೆಂಬಲ್ (ಜೀನ್‌ಗಳ ಸಾರ್ವಜನಿಕ ಕೋಶ) ಗುರುತು, ಗುಣಾಂಕ, ಪ್ರಮಾಣೀಕರಣಕ್ಕೆ ಬಳಸಿದ ಸರಾಸರಿ ಮತ್ತು ವಿಚಲನೆ, 12 ಮತ್ತು 36 ತಿಂಗಳಿನ ಮೂಲ ಉಳಿವಿನ ಪ್ರಮಾಣ (ಅಂಕ ಸೊನ್ನೆ ಇರುವ ರೋಗಿ ಅಷ್ಟು ಕಾಲ ಉಳಿಯುವ ಸಾಧ್ಯತೆ), ಇಷ್ಟನ್ನೂ ಕೋಷ್ಟಕದಲ್ಲಿ ಕೊಡಿ. ಜೀನ್‌ಗಳ ಹೆಸರು ಮಾತ್ರ ಕೊಟ್ಟರೆ ಬೇರೆ ಊರಿನವರು ತಮ್ಮ ರೋಗಿಗಳ ಮೇಲೆ ನಿಮ್ಮ ಅಂಕವನ್ನು ಪರೀಕ್ಷಿಸಲು ದಾರಿಯೇ ಇರುವುದಿಲ್ಲ.